ಮಟಮಾರಿಯಲ್ಲಿ ಕನ್ಯಾಪರೀಕ್ಷೆ

ದೇವದುರ್ಗ
13 ಜನವರಿ 2025

ವಿಶಾಖಾ ಅವರಿಗೆ,

ಜೈಭೀಮ್. ನಿನ್ನೆ ಮಾನ್ವಿಗೆ ನಿಮ್ಮನ್ನು ನೋಡಲು ಬಂದಿದ್ದ ವರ ನಾನು. ನಿಮ್ಮೊಬ್ಬರನ್ನು ಬಿಟ್ಟು ನಿಮ್ಮ ಮನೆಯಲ್ಲಿದ್ದ ಎಲ್ಲವನ್ನೂ ನೋಡಿ ಬಂದೆ. ಗೋಡೆ ಗಡಿಯಾರ ನೋಡಿದೆ. ಮಂಡಕ್ಕಿ ಒಗ್ಗರಣೆಯನ್ನು ಎರಡೆರಡು ಸಲ ನೋಡಿದೆ. ಗೇಟು ಸದ್ದಾದಾಗೆಲ್ಲ ನಿಮ್ಮ ತಂದೆ ತಾಯಣ್ಣನವರು “ಬಂದ್ಲು ನೋಡ್ರಿ!” ಎಂದು ಎದ್ದು ನಿಲ್ಲುತ್ತಿದ್ದರು. ಒಮ್ಮೆ ಹಾಲಿನವನು ಬಂದ, ಇನ್ನೊಮ್ಮೆ ಪಕ್ಕದ ಮನೆಯ ಮೇಕೆ ಬಂತು. ನಮ್ಮ ಅವ್ವ ಮೇಕೆಯನ್ನೂ ಆಪಾದಮಸ್ತಕ ಪರೀಕ್ಷಿಸಿದಳು. ಬಂದ ಕೆಲಸ ಅದೇ ಆಗಿತ್ತಲ್ಲ.

ಕೊನೆಗೆ ಗುಂತಕಲ್ಲಿನಿಂದ ನಿಮ್ಮ ಫೋನು ಬಂತು. ರಜೆ ರದ್ದಾಗಿದೆ, ಗಾಡಿ ಹತ್ತುತ್ತಿದ್ದೇನೆ ಎಂದಿರಂತೆ. “ಏನ್ ಮಾಡೂದ್ರೀ, ನನ್ನ ಮಗಳು ಚೆನ್ನೈ–ಮುಂಬೈ ಎಕ್ಸ್‌ಪ್ರೆಸ್ಸಿನ ಡ್ರೈವರ್. ಅಕಿ ಹತ್ತಲಿಲ್ಲಂದ್ರ ಗಾಡಿ ಕದಲಂಗಿಲ್ಲ” ಎನ್ನುವಾಗ ತಾಯಣ್ಣನವರ ಮುಖದಲ್ಲಿ ಸಂಕೋಚಕ್ಕಿಂತ ಹೆಮ್ಮೆ ಒಂದೆರಡು ಬೋಗಿ ಹೆಚ್ಚೇ ಇತ್ತು. ಫೋನ್ ನಂಬರು ಕೇಳಿದೆ. “ಗಾಡಿ ಹತ್ತಿದ ಮ್ಯಾಲ ಫೋನ್ ಬಂದ್ ಇರ್ತದ್ರೀ, ಇಳಿದ ಮ್ಯಾಲ ಅಕೀನ ಬಂದ್ ಇರ್ತಾಳ” ಎಂದರು. ಆದ್ದರಿಂದ ವಿಳಾಸ ಪಡೆದು ಈ ಪತ್ರ.

ನನ್ನ ಜಾತಕ ಇಷ್ಟೇ. ದೇವದುರ್ಗದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮೂರಿಗೆ ರೈಲಿಲ್ಲ, ಹಾಗಾಗಿ ನಾವು ರೈಲು ಹತ್ತುವುದಿಲ್ಲ, ಬಿಡುತ್ತೇವೆ. ನಾನಂತೂ ತರಗತಿಯಲ್ಲಿ ದಿನವೂ ಬಿಡುತ್ತೇನೆ. ಅಪ್ಪ ಮೌನಪ್ಪ, ಹೆಸರಿಗೆ ತಕ್ಕ ಮನುಷ್ಯ. ಅವರು ಉಳಿಸಿದ ಮಾತೆಲ್ಲ ವಾರಸುದಾರನಾದ ನನಗೆ ಬಂದಿದೆ. ಅವ್ವ ಗೋಪಮ್ಮ. ಇಬ್ಬರೂ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಎಂ.ಎ. ಮಾಡಿದರು. ಅಪ್ಪನದು ಬುದ್ಧವಿಹಾರ, ಅವ್ವನದು ನೀರಮಾನ್ವಿ ಎಲ್ಲಮ್ಮ. ಎರಡೂ ಹಳಿ ಎಂದೂ ಕೂಡಿಲ್ಲ, ಆದರೂ ಸಂಸಾರ ಅದರ ಮೇಲೆಯೇ ಇಷ್ಟು ದೂರ ಓಡಿದೆ.

ನಿಮ್ಮನ್ನು ನೋಡುವುದು ಹೇಗೆ, ಎಲ್ಲಿ? ಸಿಗ್ನಲ್ ಕೊಟ್ಟರೆ ಹೊರಡಲು ತಯಾರಿದ್ದೇನೆ.

ಮಂಡಕ್ಕಿಯ ಋಣದಲ್ಲಿರುವ,
ಗೌತಮ


ರೈಲ್ವೆ ಕ್ವಾರ್ಟರ್ಸ್, ಗುಂತಕಲ್ಲು
29 ಜನವರಿ 2025

ಗೌತಮ ಅವರಿಗೆ,

ಜೈಭೀಮ್. ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಗಾಡಿ ತಡವಾದರೆ ಪ್ರಯಾಣಿಕರ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿದೆ. ನಿಮ್ಮನ್ನೂ ಕೇಳುತ್ತೇನೆ. ಆ ದಿನ ಬೇಕೆಂದು ತಪ್ಪಿಸಿಕೊಂಡದ್ದಲ್ಲ. ಸೀರೆ ಇಸ್ತ್ರಿ ಮಾಡಿಟ್ಟಿದ್ದೆ, ಉಟ್ಟದ್ದು ಸಮವಸ್ತ್ರ.

ಪತ್ರ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ಮಾತಾಡಿದವರು ಏನೋ ಒಂದನ್ನು ಕೇಳುತ್ತಾರೆ, ನಾನು ಏನೋ ಒಂದನ್ನು ಹೇಳುತ್ತೇನೆ, ಆಮೇಲೆ ಇಬ್ಬರಿಗೂ ಅದು ನೆನಪಿರುವುದಿಲ್ಲ.

ನಮ್ಮ ಕೆಲಸ ಗುಂತಕಲ್ಲಿನಿಂದ ವಾಡಿಯವರೆಗೆ, ಅಲ್ಲಿನ ರನ್ನಿಂಗ್ ರೂಮಿನಲ್ಲಿ ಮಲಗಿ ಎದ್ದು ವಾಪಸು. ಜೊತೆಯಲ್ಲಿ ಹೆಚ್ಚಾಗಿ ತಿರುಪತಿ ಸರ್ ಇರುತ್ತಾರೆ. ತೆಲುಗಿನವರು, ಕನ್ನಡವನ್ನೂ ಚೆನ್ನಾಗಿ ಆಡುತ್ತಾರೆ, ಮೀಸೆ ದೊಡ್ಡದು. ಎಂಜಿನ್ನಿನಲ್ಲಿ ಹರಟೆ ಇಲ್ಲ. ಸಿಗ್ನಲ್ ಕಂಡಾಗ ಕೈ ಚಾಚಿ ಜೋರಾಗಿ ಹೇಳಬೇಕು: “ಡಿಸ್ಟಂಟ್, ಹಸಿರು.” ಜೊತೆಯವರೂ ಹೇಳಬೇಕು: “ಡಿಸ್ಟಂಟ್, ಹಸಿರು.” ಡಿಸ್ಟಂಟ್ ದೂರದಿಂದಲೇ ಸುದ್ದಿ ಕೊಡುವ ಸಿಗ್ನಲ್. ಆಮೇಲೆ ಹೋಮ್ ಸಿಗ್ನಲ್. ಅದು ಸ್ಟೇಷನ್ನಿನ ಹೊಸ್ತಿಲಿದ್ದಂತೆ, ಅದು ಒಪ್ಪಿದರೆ ಮಾತ್ರ ಒಳಗೆ. ಅವರು ಹಸಿರು ಅಂದರು ಎಂದು ನಾನು ಹಸಿರು ಅನ್ನುವಂತಿಲ್ಲ. ಇಬ್ಬರೂ ತಮ್ಮ ತಮ್ಮ ಕಣ್ಣಿಂದ ನೋಡಿಯೇ ಹೇಳಬೇಕು.

ತುಂಗಭದ್ರೆಯ ಸೇತುವೆ ದಾಟಿದ ಮೇಲೆ ದಾರಿ ನೆಟ್ಟಗಿದೆ, ಗಾಡಿ ಪೂರ್ತಿ ವೇಗಕ್ಕೆ ಬರುತ್ತದೆ. ಆಗ ನನಗೆ ಹಿಂದಿನ ಬೋಗಿಗಳ ನೆನಪಾಗುತ್ತದೆ. ಒಂದು ಊರಿನಷ್ಟು ಜನ. ಯಾರೋ ಕೂಸಿಗೆ ಹಾಲು ಕುಡಿಸುತ್ತಿರುತ್ತಾರೆ, ಯಾರೋ ಇಸ್ಪೀಟು ಆಡುತ್ತಿರುತ್ತಾರೆ. ನಮ್ಮ ಮುಖವನ್ನು ಅವರಲ್ಲಿ ಒಬ್ಬರೂ ಕಂಡಿಲ್ಲ, ಹೆಸರು ಕೇಳಿಲ್ಲ. ಆದರೂ ಕಾಲು ಚಾಚಿ ಮಲಗುತ್ತಾರೆ. ಕೆಲಸಕ್ಕೆ ಸೇರಿ ಇಷ್ಟು ವರ್ಷವಾಯಿತು, ನನಗೆ ಇವತ್ತಿಗೂ ಆ ಬೆರಗು ಹೋಗಿಲ್ಲ.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ಮದುವೆಯಾದರೂ ನಾನು ಗಾಡಿ ಬಿಡುವುದಿಲ್ಲ. (ನೀವು ಬಿಡುವ ಅರ್ಥದಲ್ಲಿ ಅಲ್ಲ.) ಹಿಂದೆ ಎರಡು ಮನೆಯವರು “ಆಮ್ಯಾಲ ನೋಡೂಣಂತ” ಎಂದು ನಗುತ್ತ ಹೋದರು, ಮತ್ತೆ ಸುದ್ದಿಯಿಲ್ಲ. ನೀವು ಈಗಲೇ ನೋಡಿ ಹೇಳಿಬಿಡಿ. ನಿಮ್ಮ ಮನೆಯಲ್ಲಿ, ಮುಖ್ಯವಾಗಿ ನಿಮ್ಮ ಅವ್ವ, ಇದಕ್ಕೆ ಏನನ್ನುತ್ತಾರೆ?

ವಿಶಾಖಾ


ದೇವದುರ್ಗ
5 ಫೆಬ್ರವರಿ 2025

ವಿಶಾಖಾ ಅವರಿಗೆ,

ಆವರಣದೊಳಗಿನ ನಿಮ್ಮ ಹಾಸ್ಯವನ್ನು ಸ್ಟಾಫ್ ರೂಮಿನಲ್ಲಿ ಓದಿ ತೋರಿಸಬೇಕೆಂಬ ಆಸೆಯನ್ನು ಕಷ್ಟಪಟ್ಟು ಬ್ರೇಕ್ ಹಾಕಿ ನಿಲ್ಲಿಸಿದ್ದೇನೆ. ನಿಮ್ಮ ಸಹಾಯಕರಾದ ತಿರುಪತಿಯವರಿಗೂ ಅವರ ಮೀಸೆಗೂ ನನ್ನ ನಮಸ್ಕಾರ ತಿಳಿಸಿ.

ನಮ್ಮ ಮನೆಯ ಹೋಮ್ ಸಿಗ್ನಲ್ ಎಂದರೆ ಅವ್ವನೇ, ನೀವು ಸರಿಯಾಗಿಯೇ ಕೇಳಿದ್ದೀರಿ. ಅವ್ವ ಮಾನ್ವಿಯಿಂದ ಬಸ್ಸಿನಲ್ಲಿ ಬರುವಾಗ “ಪಾಪ, ಆ ಹುಡುಗಿ ಉಂಡಾಳೋ ಇಲ್ಲೋ” ಎಂದಳು. ಇದು ಯಾವ ಬಣ್ಣವೆಂದು ನೀವೇ ಊಹಿಸಿ. ನನ್ನ ಕಣ್ಣಿಗೆ ಹಳದಿಯಂತೆ ಕಾಣುತ್ತಿದೆ. ಹಳದಿ ಮದುವೆ ಮನೆಯ ಬಣ್ಣವೇ ಅಲ್ಲವೇ?

ಈಗ ಮುಖ್ಯ ಸಂಗತಿ. ಮಟಮಾರಿಯಲ್ಲಿ ನನ್ನ ಸೋದರತ್ತೆ ದುರುಗಮ್ಮ ಇದ್ದಾಳೆ. ಅವಳ ಮನೆಯ ಅಂಗಳ ಮುಗಿಯುವಲ್ಲಿ ನಿಮ್ಮ ರೈಲ್ವೆ ಸ್ಟೇಷನ್ ಶುರುವಾಗುತ್ತದೆ. ನಿಮ್ಮ ಗಾಡಿ ಆ ಊರಿಗೆ ನಿಲ್‘ದಾನ’ ಮಾಡುವುದಿಲ್ಲ, ಗೊತ್ತು. ಆದರೆ ಹಾದು ಹೋಗುತ್ತದಲ್ಲ? ನೀವು ಮನೆಗೆ ಬರಲಾರಿರಿ, ನಾವು ಎಂಜಿನ್ನಿಗೆ ಬರಲಾರೆವು. ನಡುವೆ ಮಟಮಾರಿ ಇದೆ. ನಾನು, ಅವ್ವ, ಅಪ್ಪ, ಅತ್ತೆ, ನಾಲ್ವರೂ ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ನಿಲ್ಲುತ್ತೇವೆ. ಕನ್ಯಾಪರೀಕ್ಷೆಯಲ್ಲಿ ಹುಡುಗಿಯನ್ನು ಕಂಬಳಿಯಿಂದ ಬಾಗಿಲವರೆಗೆ ನಡೆಸಿ ಕಾಲು ಸರಿಯಿದೆಯೇ ನೋಡುವುದು ಅತ್ತೆಯ ಪದ್ಧತಿ. ನೀವು ಗಂಟೆಗೆ ನೂರು ಕಿಲೋಮೀಟರಿನಂತೆ ನಡೆದು ತೋರಿಸಿ. ಅತ್ತೆ ಉಸಿರೆತ್ತಿದರೆ ಕೇಳಿ.

ಗೌತಮ


ಗುಂತಕಲ್ಲು
14 ಫೆಬ್ರವರಿ 2025

ಗೌತಮ ಅವರಿಗೆ,

ನಗು ಬಂತು. ಆಮೇಲೆ, ಯಾಕಾಗಬಾರದು ಅನ್ನಿಸಿತು. 23ರ ಭಾನುವಾರ ನಾನು ಆ ಗಾಡಿಯಲ್ಲಿರುತ್ತೇನೆ. ಹೊತ್ತು ಇಳಿಯುವುದಕ್ಕೆ ಮುಂಚೆ ಮಟಮಾರಿ ದಾಟುತ್ತೇವೆ.

ಕೆಲವು ಸೂಚನೆ. ಅಂಚಿನಿಂದ ದೂರ ನಿಲ್ಲಬೇಕು. ಯಾರೂ ಕೆಂಪು ಬಟ್ಟೆ ಉಡಬಾರದು, ಕೆಂಪು ಸೆರಗು ಬೀಸಿದರೆ ಗಾಡಿ ನಿಲ್ಲಿಸಬೇಕಾಗುತ್ತದೆ, ಆಮೇಲೆ ನಾನು ಮದುವೆಗಲ್ಲ, ವಿಚಾರಣೆಗೆ ಕೂರಬೇಕಾಗುತ್ತದೆ. ನಿಮ್ಮ ಅತ್ತೆಯ ಮನೆ ಇರುವ ಕಡೆಯ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಿ. ಸ್ಟೇಷನ್ ಮಾಸ್ತರರಿಗೆ ಎಲ್ಲ ಸರಿಯಿದೆ ಎಂದು ಹಸಿರು ಬಾವುಟ ತೋರಿಸುವುದು ನಮ್ಮ ನಿಯಮ. ಆ ಬಾವುಟದ ಹಿಂದೆ ಇರುವವಳು ನಾನು.

ಹಳದಿ ಎಂದರೆ ಮದುವೆ ಎಂದು ನೀವು ಬರೆದಿರಿ. ನಮ್ಮಲ್ಲಿ ಹಳದಿ ಎಂದರೆ ಮುಂದೆ ನಿಲ್ಲಲು ತಯಾರಾಗು ಎಂದು.

ವಿಶಾಖಾ


ದೇವದುರ್ಗ
24 ಫೆಬ್ರವರಿ 2025

ವಿಶಾಖಾ ಅವರಿಗೆ,

ನೀವು ಎಲ್ಲಿದ್ದಿರಿ?

ಮೊದಲಿನಿಂದ ಹೇಳುತ್ತೇನೆ. ದುರುಗಮ್ಮತ್ತೆ ಈ ದಿನಕ್ಕೆಂದೇ ಕೆಂಪು ಸೀರೆ ತೆಗೆದಿಟ್ಟಿದ್ದಳು. ಬೇಡವೆಂದಾಗ “ನಾ ಏನ್ ಅಷ್ಟು ದೊಡ್ಡಾಕಿ ಏನಲೇ, ನನ್ನ ನೋಡಿ ರೈಲು ನಿಲ್ಲಾಕ?” ಎಂದು ಒಳಗೊಳಗೇ ಉಬ್ಬಿದಳು. ಕೊನೆಗೆ ಹಳದಿ ಉಟ್ಟಳು. ನಿಲ್ಲದಿದ್ದರೂ ಚೂರು ನಿಧಾನವಾದರೂ ಆಗಲಿ ಎಂದು.

ಅತ್ತೆ ಮನೆಯ ಕಡೆ ನಿಲ್ಲಿ ಎಂದು ನೀವು ಬರೆದದ್ದು ಹಿರಿಯರಿಗೆ ಮೆಟ್ಟಿಲ ತ್ರಾಸು ಬೇಡವೆಂಬ ನಿಮ್ಮ ಸೌಜನ್ಯ ಎಂದು ನನಗೆ ತಕ್ಷಣ ಹೊಳೆಯಿತು. ನಾನೂ ಓದಿದವನು. ಡ್ರೈವರ್ ಎಡಗಡೆ ಕೂರುತ್ತಾರೆ ಎಂದು ಪುಸ್ತಕ ನೋಡಿ ಖಚಿತ ಮಾಡಿಕೊಂಡೆ. ರಾಯಚೂರಿನ ಕಡೆ ಮುಖ ಮಾಡಿದರೆ ಎಡಗಡೆ ಎಂದರೆ ಆಚೆಯ ಪ್ಲಾಟ್‌ಫಾರ್ಮ್. ಅವ್ವನ ಮೊಣಕಾಲಿಗೆ ಸಮಾಧಾನ ಹೇಳುತ್ತ, ಹಳಿಗಳ ಮೇಲಿನ ಕಾಲುಸೇತುವೆ ಹತ್ತಿಸಿ ಇಳಿಸಿ, ಎಲ್ಲರನ್ನೂ ಅಲ್ಲಿಗೆ ಸಾಗಿಸಿದೆ.

ಮೊದಲು ಏನೂ ಇರಲಿಲ್ಲ. ಎರಡು ಹಳಿಗಳು ಬಿಸಿಲಿನಲ್ಲಿ ಹೋಗಿ ಹೋಗಿ ಒಂದಾದಂತೆ ಕಾಣುವ ಜಾಗದಲ್ಲಿ ಒಂದು ಚುಕ್ಕೆ. “ಅದು ಕಾಗಿ” ಎಂದಳು ಅತ್ತೆ. ಚುಕ್ಕೆ ಕದಲುತ್ತಿರಲಿಲ್ಲ. ಹಳಿ ಸಣ್ಣಗೆ ಗುನುಗತೊಡಗಿತು, ಅಂಗಾಲಿಗೆ ಏನೋ ಸುದ್ದಿ ಬಂದಂತಾಯಿತು. ಜಾಲಿ ಗಿಡದ ಗುಬ್ಬಿಗಳು ಒಟ್ಟಿಗೆ ಎದ್ದವು. ಆಮೇಲೆ ಆದದ್ದನ್ನು ‘ಬಂತು’ ಎಂದು ಬರೆಯಲು ನನಗೆ, ಕನ್ನಡ ಮಾಸ್ತರನಿಗೆ, ನಾಚಿಕೆಯಾಗುತ್ತದೆ. ಬಂಡಿ ಬರುತ್ತದೆ, ಬಸ್ಸು ಬರುತ್ತದೆ, ಸಂಬಳವೂ ಎಂದಾದರೊಮ್ಮೆ ಬರುತ್ತದೆ. ಇದು ಬರಲಿಲ್ಲ. ಇಲ್ಲದ್ದು ಒಮ್ಮೆಗೇ ಇದ್ದುಬಿಟ್ಟಿತು. ಗಾಳಿ ನಮ್ಮನ್ನು ಎದೆಗೆ ಕೈಯಿಟ್ಟು ಹಿಂದೆ ದೂಡಿತು. ಬೋಗಿಯ ಮೇಲೆ ಬೋಗಿ, ಕಿಟಕಿಯ ಮೇಲೆ ಕಿಟಕಿ, ಅದರಲ್ಲಿ ಯಾರದೋ ಕೈ, ಯಾರದೋ ಜಡೆ, ಒಂದು ಕೂಸಿನ ಬೋಳುತಲೆ, ನಿಮ್ಮ ಆ ‘ಒಂದು ಊರು’ ನಮ್ಮ ಮುಂದೆ ಹರಿದುಹೋಯಿತು. ನಾನು ಬಾಯಿ ತೆರೆದದ್ದು ನಿಜ. ಮಾತು ಬರಲಿಲ್ಲ. ಹುಟ್ಟಿದಾಗಿನಿಂದ ಹೀಗಾಗಿರಲಿಲ್ಲ. ಕೊನೆಯ ಬೋಗಿ ಹೋದ ಮೇಲೂ ನೆಲ ತುಸು ಹೊತ್ತು ನಡುಗುತ್ತಲೇ ಇತ್ತು.

ಅತ್ತೆಯೇ ಮೊದಲು ಚೇತರಿಸಿಕೊಂಡಳು. “ಲೇ ಗೌತ್ಯಾ, ಹುಡುಗಿಗಿ ಮೀಸಿ ಅದಾವಲ್ಲೋ!”

ಹೌದು. ಕಿಟಕಿಯಲ್ಲಿ ನಮಗೆ ಕಂಡದ್ದು ಮೀಸೆ ಮಾತ್ರ. ನಿಮ್ಮನ್ನು ನೋಡಲು ಹೋಗಿ ತಿರುಪತಿ ದರ್ಶನ ಮಾಡಿಕೊಂಡು ಬಂದೆವು. ನಿಮ್ಮ ಡ್ಯೂಟಿ ಮತ್ತೆ ಬದಲಾಯಿತೇ? ಅಥವಾ ಬರಲು ಮನಸ್ಸಾಗಲಿಲ್ಲವೇ? ಹಾಗಿದ್ದರೆ ಹೇಳಿಬಿಡಿ. ಅವ್ವ ಏನೂ ಅನ್ನಲಿಲ್ಲ.

ಗೌತಮ


ವಾಡಿ, ರನ್ನಿಂಗ್ ರೂಮ್
24 ಫೆಬ್ರವರಿ 2025

ಗೌತಮ ಅವರಿಗೆ,

ನಿನ್ನೆ ಮಟಮಾರಿಯ ಪ್ಲಾಟ್‌ಫಾರ್ಮಿನಲ್ಲಿ ಸ್ಟೇಷನ್ ಮಾಸ್ತರರೂ ಒಂದು ಎಮ್ಮೆಯೂ ಇದ್ದರು. ಬಾವುಟವನ್ನು ಇಬ್ಬರಿಗೂ ತೋರಿಸಿದೆ.

ಹಿಂದಿನ ಎರಡು ಮನೆಯವರು ನಮ್ಮ ಮನೆಗೆ ಬಂದು, ಉಂಡು, ಹೇಳದೆ ಹೋದರು. ನೀವು ಬರಲೂ ಇಲ್ಲ. ತಲೆ ಬಾಚಿಕೊಂಡು ಗಾಡಿ ಹತ್ತಿದ್ದೆ, ಹೆಲ್ಮೆಟ್ಟಿಲ್ಲದ ಕೆಲಸ ಎಂದು ಮೊದಲ ಸಲ ಸಂತೋಷಪಟ್ಟಿದ್ದೆ. ಇನ್ನು ಬರೆಯಬೇಕಾಗಿಲ್ಲ.

ವಿಶಾಖಾ


ಗುಂತಕಲ್ಲು
3 ಮಾರ್ಚ್ 2025

ಗೌತಮ ಅವರಿಗೆ,

ವಾಡಿಯಿಂದ ನಾನು ಹಾಕಿದ ಪತ್ರ ನಿಮಗೆ ಮುಟ್ಟಿರಬೇಕು. ನಿಮ್ಮದು ನನಗೆ ಮುಟ್ಟಿತು. ಎರಡೂ ಎದುರುಬದುರು ಗಾಡಿಗಳಂತೆ ದಾರಿಯಲ್ಲೆಲ್ಲೋ ಹಾದುಹೋಗಿವೆ. ನನ್ನದನ್ನು ಹರಿದುಬಿಡಿ.

ನಾನು ಗಾಡಿಯಲ್ಲೇ ಇದ್ದೆ. ಬಲಗಡೆಯ ಕಿಟಕಿಯಲ್ಲಿ.

ಎಡಗಡೆ ಕೂರುವವರು ಲೋಕೋ ಪೈಲಟ್, ಅಂದರೆ ತಿರುಪತಿ ಸರ್. ನಾನು ಸಹಾಯಕಿ. ನನ್ನ ಸೀಟು ಬಲಗಡೆ. ಅಪ್ಪ ಊರಿಗೆಲ್ಲ ಡ್ರೈವರ್ ಎಂದು ಹೇಳಿಕೊಂಡು ಬಂದಿದ್ದಾರೆ, ಅವರ ಮುಖ ನೋಡಿ ನಾನು ತಿದ್ದಲಿಲ್ಲ. ನೀವು ತಿರುಪತಿ ಸರ್ ಅವರನ್ನು ನನ್ನ ಸಹಾಯಕರು ಎಂದು ಬರೆದಾಗಲೂ ತಿದ್ದಲಿಲ್ಲ. ಆ ಸಾಲನ್ನು ಎರಡು ಸಲ ಓದಿದೆ, ಚೆಂದ ಕಂಡಿತು. ಎಡಗಡೆಯ ಸೀಟು ಒಂದು ದಿನ ನನ್ನದಾಗುತ್ತದೆ. ಅದಕ್ಕೆ ಪರೀಕ್ಷೆ ಇದೆ, ವರ್ಷಗಳಿವೆ. ನಾನು ಗಾಡಿ ಬಿಡುವುದಿಲ್ಲ ಎಂದದ್ದು ಆ ಸೀಟಿಗಾಗಿ.

ನನ್ನದು ಆಯಿತು. ಈಗ ನಿಮ್ಮದು. ‘ಅವ್ವ ಏನೂ ಅನ್ನಲಿಲ್ಲ’ ಎಂದು ಬರೆದಿದ್ದೀರಿ. ಆ ಗಾಡಿ ಅಷ್ಟು ಹತ್ತಿರದಿಂದ ಹಾದುಹೋದ ಮೇಲೆ ಏನೂ ಅನ್ನದ ಮನುಷ್ಯರನ್ನು ನಾನು ಕಂಡಿಲ್ಲ. ಜನವರಿಯಲ್ಲಿ ಕೇಳಿದ್ದೆ, ನೀವು ಬಣ್ಣ ಹೇಳಿ ತಪ್ಪಿಸಿಕೊಂಡಿರಿ. ಮತ್ತೆ ಕೇಳುತ್ತಿದ್ದೇನೆ. ಏನಂದರು?

ವಿಶಾಖಾ


ದೇವದುರ್ಗ
10 ಮಾರ್ಚ್ 2025

ವಿಶಾಖಾ,

ಈ ಪತ್ರದಲ್ಲಿ ಚಮತ್ಕಾರವಿಲ್ಲ. ಪ್ರಯತ್ನಿಸಿದೆ, ಬರಲಿಲ್ಲ.

ಮಾನ್ವಿಯಿಂದ ಬರುವಾಗ ಬಸ್ಸಿನಲ್ಲೇ ಅವ್ವ ಹೇಳಿದ್ದಳು. ಉಂಡಾಳೋ ಇಲ್ಲೋ ಎಂದದ್ದು ನಿಜ. ಅದರ ಬೆನ್ನಿಗೇ ಅಂದದ್ದನ್ನು ನಾನು ನಿಮಗೆ ಬರೆಯಲಿಲ್ಲ: “ಲಗ್ನ ಆದ ಮ್ಯಾಲ ರಾಯಚೂರಾಗ ಆಫೀಸಿನ್ಯಾಗ ಕುಂಡ್ರೂ ಕೆಲಸ ತಗೊಳ್ಳಲಿ. ಇಲ್ಲಂದ್ರ ಬ್ಯಾಡ.” ನಗಿಸುತ್ತ ನಗಿಸುತ್ತ ಕಾಲ ತಳ್ಳಿದರೆ ತಾನೇ ಕರಗುತ್ತದೆ ಎಂದುಕೊಂಡೆ.

ಮಟಮಾರಿಯಲ್ಲಿ ಗಾಡಿ ಹೋದ ಮೇಲೆ ಅವ್ವ ಪ್ಲಾಟ್‌ಫಾರ್ಮಿನ ಮೇಲೇ ಕುಳಿತುಬಿಟ್ಟಳು. ಎರಡೂ ಕಿವಿ ಮುಚ್ಚಿಕೊಂಡಿದ್ದ ಕೈ ತೆಗೆಯಲೇ ಇಲ್ಲ. “ಯವ್ವಾ ಯವ್ವಾ, ಎಂಥಾ ಶಕ್ತಿ ಅದು! ಅದರ ಹೊಟ್ಟ್ಯಾಗ ಒಂದು ಹೆಣ್ಣುಕೂಸು ಕುಂಡ್ರತದಂದ್ರ ನನಗ ಉಣ್ಣಾಕ ಆಗಂಗಿಲ್ಲ, ಮಲಗಾಕ ಆಗಂಗಿಲ್ಲ. ಸುತರಾಂ ಒಲ್ಲೆ.” ನನ್ನ ಬೆರಗು ನನ್ನನ್ನು ನಿಮ್ಮ ಕಡೆ ಎಳೆಯಿತು. ಅವಳ ಬೆರಗು ಅವಳನ್ನು ಹೆದರಿಸಿತು. ನೋಡಿದ್ದು ಒಂದೇ ಗಾಡಿ.

ನಿಮ್ಮ ಪತ್ರ ಬಂದ ದಿನ ಅದನ್ನು ಮನೆಯಲ್ಲಿ ಪೂರ್ತಿ ಓದಿ ಹೇಳಿದೆ. “ಕೆಲಸ ಬಿಡು ಅಂತ ನಾ ಅಕಿಗಿ ಕೇಳಂಗಿಲ್ಲವ್ವಾ. ನೀ ಒಪ್ಪಲಿಲ್ಲಂದ್ರ ಹಂಗ ಬರೀತೀನಿ, ಆದ್ರ ಅದನ್ನ ಕೇಳಂಗಿಲ್ಲ” ಎಂದೆ. ಅವ್ವ ಅತ್ತಳು. “ನಾ ಏನ್ ಕೆಟ್ಟಾಕಿ ಏನೋ? ಅಕೀ ಜೀವಕ್ಕಂತ ಅಂದೆ.”

ಆಗ ಅಪ್ಪ ಮಾತಾಡಿದರು. ನಮ್ಮ ಮನೆಯಲ್ಲಿ ಇದು ರೈಲಿಗಿಂತ ದೊಡ್ಡ ಘಟನೆ.

“ಗೋಪಮ್ಮ, ಆ ಹುಡುಗೀನ ನೀ ನೋಡೀಯೇನು?”

“ಎಲ್ಲಿ ನೋಡೀನಿ? ಮೀಸಿ ನೋಡೀನಿ.”

“ಗಾಡಿ ನೋಡಿ ಅಂಜೀದಿ. ಗಾಡಿ ನಡಸಾಕಿನ್ನ ನೋಡಿಲ್ಲ. ಒಂದ್ಸಲ ಅಕೀನ್ನ ನೋಡು. ಆಮ್ಯಾಲೂ ಅಂಜಿಕಿ ಬಂದ್ರ ಬ್ಯಾಡ ಅನ್ನು, ನಾನೂ ಬ್ಯಾಡ ಅಂತೀನಿ.”

ಅವ್ವ ಒಪ್ಪಿದ್ದಾಳೆ. ನೋಡಲು ಮಾತ್ರ. ಮತ್ತೊಂದು ದಿನ ಹೇಳುವಿರಾ? ಈ ಸಲ ನೀವು ಹೇಳಿದ ಕಡೆಯೇ ನಿಲ್ಲುತ್ತೇವೆ.

ಗೌತಮ


ಗುಂತಕಲ್ಲು
19 ಮಾರ್ಚ್ 2025

ಗೌತಮ,

ಯುಗಾದಿಯ ದಿನ, 30ಕ್ಕೆ, ನಮಗೆ ಆ ಗಾಡಿ. ಹಬ್ಬಕ್ಕೆ ರೈಲಿಗೆ ರಜೆ ಇಲ್ಲ. ಬಲಗಡೆ, ಎಮ್ಮೆ ನಿಂತಿದ್ದ ಜಾಗ.

ನಿಮ್ಮ ಅವ್ವನಿಗೆ ಮೊದಲೇ ಹೇಳಿಡಿ. ನಾನು ಅವರನ್ನು ನೋಡಿ ನಗಲಾರೆ, ಕೈಮುಗಿಯಲಾರೆ. ಬಾವುಟ ಸ್ಟೇಷನ್ ಮಾಸ್ತರರಿಗೆ, ಕಣ್ಣು ಹಳಿಗೆ. ಸೊಕ್ಕಿನವಳು ಎಂದುಕೊಳ್ಳಬಾರದು. ಅವರು ಹೆದರಿದ್ದು ತಪ್ಪಲ್ಲ. ಮೊದಲ ದಿನ ಎಂಜಿನ್ ಹತ್ತಿದಾಗ ನಾನೂ ಹೆದರಿದ್ದೆ, ಈಗಲೂ ಚೂರು ಉಳಿಸಿಕೊಂಡಿದ್ದೇನೆ. ತಿರುಪತಿ ಸರ್ ಅದು ಇರಲಿ ಅನ್ನುತ್ತಾರೆ.

ವಿಶಾಖಾ


ದೇವದುರ್ಗ
31 ಮಾರ್ಚ್ 2025

ವಿಶಾಖಾ,

ನೋಡಿದೆವು.

ಅತ್ತೆ ಎಮ್ಮೆಯನ್ನು ಹಿತ್ತಲಲ್ಲಿ ಕಟ್ಟಿದಳು. “ಹ್ವಾದ ಸಲ ನಮ್ಮ ಪೈಕಿ ಕನ್ಯಾ ನೋಡಿದ್ದು ಇದೊಂದಽ” ಎಂದು ಅದರ ಬೆನ್ನು ತಟ್ಟಿದಳು. ಅವ್ವ ಹಬ್ಬಕ್ಕೆಂದು ತಂದ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ನಾವು ಮನೆ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ನಮಗೂ ನಿಮ್ಮ ಹಳಿಗೂ ನಡುವೆ ಇನ್ನೊಂದು ಜೋಡಿ ಹಳಿ ಇದೆಯಲ್ಲ, ಅದರ ವಿಚಾರ ನನ್ನ ತಲೆಗೆ ಬಂದಿರಲಿಲ್ಲ. ಸರಿಯಾಗಿ ನಿಮ್ಮ ಚುಕ್ಕೆ ಕಾಣಿಸಿಕೊಂಡಾಗ ರಾಯಚೂರಿನ ಕಡೆಯಿಂದ ಖಾಲಿ ಗೂಡ್ಸ್ ಬಂತು. ಒಂದೊಂದು ಡಬ್ಬಿಯೂ ಬೀಗರ ಮನೆಯಿಂದ ಎದ್ದು ಹೊರಡುವ ನೆಂಟರಂತೆ, ಹೊರಟೂ ಹೊರಡದೆ ಸಾಗುತ್ತಿತ್ತು. ನಡುವೆ ಗೋಡೆ ಕಟ್ಟಿದಂತಾಯಿತು.

“ಅಕೀ ಮಾರಿ ನೋಡೂದು ನನ್ನ ಹಣ್ಯಾಗ ಬರದಿಲ್ಲ ಬಿಡು” ಎಂದಳು ಅವ್ವ. ತಿರುಗಿ ಹೊರಟೇಬಿಟ್ಟಿದ್ದಳು. ಅಪ್ಪ ಅವಳ ಮೊಣಕೈ ಹಿಡಿದು ನಿಲ್ಲಿಸಿದರು. ನಾನು ಡಬ್ಬಿಗಳ ಸಂದಿಯಲ್ಲಿ ಇಣುಕುತ್ತಿದ್ದೆ. ಹಳಿ ಗುನುಗುತ್ತಿತ್ತು. ನಿಮ್ಮ ಸೀಟಿ ಕೇಳಿತು. ಗೂಡ್ಸಿನ ಕೊನೆಯ ಡಬ್ಬಿ ನಮ್ಮ ಮುಂದಿನಿಂದ ಜಾರಿತು, ತೆರೆ ಎಳೆದಂತೆ ಬಯಲು ಬೆಳಗಿತು, ಅಷ್ಟರಲ್ಲಿ ನೀವು ಅಲ್ಲಿದ್ದಿರಿ.

ಏನೆಂದು ಬರೆಯಲಿ? ಅಷ್ಟು ದೊಡ್ಡ ಗದ್ದಲದ ನಟ್ಟನಡುವೆ ಒಂದು ಕಿಟಕಿ, ಅದರಲ್ಲಿ ಒಂದು ನೆಟ್ಟಗಿನ ತೋಳು, ಒಂದು ಹಸಿರು ಬಾವುಟ, ಮತ್ತು ಒಂದು ಮುಖ. ಗಾಡಿಯೆಲ್ಲ ಗುಡುಗುತ್ತಿತ್ತು, ಆ ಮುಖವೊಂದು ನಿಶ್ಚಲವಾಗಿತ್ತು. ನಮ್ಮನ್ನು ನೋಡುತ್ತಿಲ್ಲ ಎಂಬುದೇ ಅದರ ಚೆಂದ. ಇಡೀ ಒಂದು ಊರು ನಿಮ್ಮ ಹಿಂದೆ ಕಾಲು ಚಾಚಿ ಮಲಗಿರುವುದು ಯಾಕೆಂದು ಆ ಒಂದು ಕ್ಷಣದಲ್ಲಿ ನನಗೆ ತಿಳಿಯಿತು.

ಅವ್ವ ಕಿವಿ ಮುಚ್ಚಿಕೊಳ್ಳಲಿಲ್ಲ. ಯಾವಾಗ ಮುಂದೆ ಬಂದಳೋ ಗೊತ್ತಿಲ್ಲ. ಎರಡೂ ಕೈಯಲ್ಲಿ ತನ್ನ ಹಸಿರು ಸೆರಗು ಬಿಚ್ಚಿ ಹಿಡಿದು, ತಲೆಯ ಮೇಲೆ ಎತ್ತಿ ನಿಂತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಪಕ್ಕದಲ್ಲಿ ಸ್ಟೇಷನ್ ಮಾಸ್ತರರು ಬಾವುಟ ಹಿಡಿದಿದ್ದರು, ಅವಳು ಸೆರಗು ಹಿಡಿದಿದ್ದಳು. ಕೊನೆಯ ಬೋಗಿ ಹೋಗುವವರೆಗೂ ಇಳಿಸಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ ಬೈದಳು. “ಇಂಥಾಕಿನ್ನ ಆಫೀಸಿನ್ಯಾಗ ಕುಂಡ್ರಸ್ತೀನಿ ಅಂದ್ರ ನೀ ಸುಮ್ಮನ ಕೇಳಿಕೋತ ಕುಂತಿದ್ದೆಲ್ಲಲೇ! ಅಕಿ ಇಳಿದ್ರ ಗಾಡ್ಯಾಗಿನ ಮಂದಿ ಗತಿ ಏನು? ನನಗ ಅಂಜಿಕಿ ಹೋಗಿಲ್ಲ. ಅಂಜಿಕಿ ನಾ ಇಟಗೋತೀನಿ, ಗಾಡಿ ಅಕಿ ಇಟಗೊಳ್ಳಲಿ.”

ಅತ್ತೆ ಮಾತ್ರ ಇನ್ನೂ ಚಿಂತೆಯಲ್ಲಿದ್ದಾಳೆ. “ಮುಖ ಛಲೋ ಅದ, ಕೈ ಛಲೋ ಅದ. ಕಾಲು ನೋಡಲಿಲ್ಲಲ್ಲ?”

ವಿಶಾಖಾ, ನಮ್ಮ ಹೋಮ್ ಸಿಗ್ನಲ್ ನಿಮಗೆ ಸೆರಗಿನಲ್ಲೇ ಹೇಳಿಬಿಟ್ಟಿದೆ. ನನ್ನ ಕಣ್ಣಿಗೆ ಕಾಣುವುದೂ ಹಸಿರೇ. ಆದರೆ ನಾನು ಹೇಳಿದೆನೆಂದು ನೀವು ಹೇಳಬೇಡಿ. ನಿಮ್ಮ ಕಣ್ಣಿಂದ ನೋಡಿ ಹೇಳಿ.

ಗೌತಮ


ಗುಂತಕಲ್ಲು
7 ಏಪ್ರಿಲ್ 2025

ಗೌತಮ,

ಮೊದಲು ನಿಮ್ಮ ಅವ್ವನಿಗೆ ಒಂದು ಮಾತು ತಿಳಿಸಿ. ರೈಲ್ವೆಯವರಲ್ಲದವರು ಗಾಡಿಗೆ ಹಸಿರು ತೋರಿಸಬಾರದು. ಇನ್ನೊಮ್ಮೆ ಹಾಗೆ ಮಾಡಬಾರದು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿ. ಬರೆಯುವಾಗ ನನಗೆ ಕಣ್ಣು ತುಂಬಿದೆ ಎಂದು ಹೇಳಬೇಡಿ.

ನಿಮ್ಮನ್ನು ನಾನು ನೋಡಲೇ ಇಲ್ಲ. ಹಳಿಯ ಮೇಲಿದ್ದ ಕಣ್ಣಿನ ಅಂಚಿಗೆ ಸ್ಟೇಷನ್ ಮಾಸ್ತರರ ಬಾವುಟ ಬಿತ್ತು, ಅದರ ಪಕ್ಕದಲ್ಲಿ ಅದಕ್ಕಿಂತ ದೊಡ್ಡದೊಂದು ಹಸಿರು ಬಿತ್ತು. ಅಷ್ಟೇ. ನೀವು ಅದರ ಹಿಂದೆ ಇದ್ದಿರಬೇಕು. ಕನ್ಯಾಪರೀಕ್ಷೆಯಲ್ಲಿ ವರನನ್ನು ನೋಡದೆ ಬಂದ ಹುಡುಗಿ ನಾನೊಬ್ಬಳೇ ಇರಬೇಕು. ಮುಂದಿನ ರಜೆಗೆ ಮಾನ್ವಿಗೆ ಬನ್ನಿ. ಮಂಡಕ್ಕಿ ನಾನೇ ಒಗ್ಗರಿಸುತ್ತೇನೆ. ದುರುಗಮ್ಮತ್ತೆಗೆ ಕಾಲನ್ನೂ ತೋರಿಸುತ್ತೇನೆ.

ಆ ದಿನ ರಾಯಚೂರಿನಲ್ಲಿ ಗಾಡಿ ನಿಂತ ಮೇಲೆ ತಿರುಪತಿ ಸರ್ ನೀರು ಕುಡಿದು, ಮೀಸೆ ಒರೆಸಿಕೊಂಡು ಕೇಳಿದರು: “ಏನಮ್ಮಾ, ಮಟಮಾರಿಯಲ್ಲಿ ಮಾಸ್ತರರ ಪಕ್ಕ ಸೆರಗು ಎತ್ತಿದ್ದರಲ್ಲ, ನೀನು ನೋಡಿದೆಯಾ? ಯಾರು ಅವರು?”

ಯೋಚಿಸಿ ಹೇಳಿದ್ದಲ್ಲ. ಕಂಡದ್ದನ್ನು ಕಂಡ ಹಾಗೆ ಜೋರಾಗಿ ಹೇಳುವ ಅಭ್ಯಾಸವಾಗಿದೆಯಲ್ಲ, ಹಾಗೆಯೇ ಬಾಯಿಂದ ಬಂತು:

“ನಮ್ಮತ್ತಿ ರೀ, ಸರ್.”

ವಿಶಾಖಾ